ಎತ್ತರದ ದಾರಿಯ ದಿನಗಣನೆ

ಹಿಮಾಲಯದ ಒಂದು ದಾರಿಯನ್ನು ನಕಾಶೆಯಲ್ಲಿ ಅಳೆದು, ದಿನಕ್ಕೆ ಇಷ್ಟು ಕಿಲೋಮೀಟರೆಂದು ಭಾಗಿಸಿ, ಬಂದ ಉತ್ತರಕ್ಕೆ ತಕ್ಕಂತೆ ರಜೆ ಪಡೆಯುವವರು ಬಹುಮಂದಿ. ಬಯಲುಸೀಮೆಯ ನಡಿಗೆಗೆ ಈ ಲೆಕ್ಕ ಸಾಕು. ಎತ್ತರದ ಪ್ರದೇಶದಲ್ಲಿ ಇದು ತಪ್ಪು, ಕೆಲವೊಮ್ಮೆ ಪ್ರಾಣಾಂತಿಕವಾದ ತಪ್ಪು. ನೇಪಾಳದ ಖುಂಬು ಪ್ರದೇಶದಲ್ಲಿ ಲುಕ್ಲಾದಿಂದ ಎವರೆಸ್ಟಿನ ತಳಶಿಬಿರಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರು ಮಾತ್ರ. ಗಟ್ಟಿಮುಟ್ಟಾದ ಕಾಲುಗಳಿಗೆ ಅದು ನಾಲ್ಕೈದು ದಿನಗಳ ಕೆಲಸ. ಆದರೆ ಬಲ್ಲವರು ಎಂಟು ದಿನ ತೆಗೆದುಕೊಳ್ಳುತ್ತಾರೆ. ಹೆಚ್ಚಿನ ದಿನಗಳು ಕಾಲುಗಳಿಗಾಗಿ ಅಲ್ಲ, ಮೂತ್ರಪಿಂಡಗಳಿಗಾಗಿ ಎಂದರೆ ಓದುಗರು ನಕ್ಕಾರು.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆಂಬ ನಂಬಿಕೆ ಉಂಟು. ಹಾಗಿಲ್ಲ; ಸಮುದ್ರತೀರದಲ್ಲಿಯೂ ಎವರೆಸ್ಟಿನ ನೆತ್ತಿಯಲ್ಲಿಯೂ ಅದು ನೂರಕ್ಕೆ ಸುಮಾರು 21 ಪಾಲು. ತಗ್ಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸವನ್ನು ಎತ್ತಿಹಿಡಿಯುವ ವಾಯುಮಂಡಲವು 5,364 ಮೀಟರ್ ಎತ್ತರದ ತಳಶಿಬಿರದಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚನ್ನು ಮಾತ್ರ ಎತ್ತಬಲ್ಲುದು. ಒಂದೊಂದು ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. (ಅಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುವುದರಿಂದ ಪ್ರೆಷರ್ ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವ ಆಸೆಯನ್ನೂ ಬಿಡಬೇಕು.)

ಕೊರತೆಯನ್ನು ತುಂಬಲು ದೇಹವು ಕೂಡಲೇ ಹೂಡುವ ಉಪಾಯವೆಂದರೆ ಹೆಚ್ಚು ಉಸಿರಾಡುವುದು. ಇದರಲ್ಲೊಂದು ತೊಡಕಿದೆ. ಉಸಿರು ಹೆಚ್ಚಿದಂತೆ ಇಂಗಾಲದ ಡೈಆಕ್ಸೈಡ್ ಅಳತೆಮೀರಿ ಹೊರಹೋಗುತ್ತದೆ. ರಕ್ತದಲ್ಲಿ ಆಮ್ಲವನ್ನುಂಟುಮಾಡುವ ಈ ಅನಿಲ ತಗ್ಗಿದೊಡನೆ ರಕ್ತವು ಕ್ಷಾರದತ್ತ ವಾಲುತ್ತದೆ. ಅದನ್ನರಿತ ಮೆದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಆಮ್ಲಜನಕದ ಅಭಾವ ಉಸಿರಾಡೆನ್ನುತ್ತದೆ, ಕ್ಷಾರವು ಬೇಡವೆನ್ನುತ್ತದೆ. ನಿದ್ರೆಯಲ್ಲಿ ಈ ಜಗ್ಗಾಟ ಸ್ಪಷ್ಟವಾಗಿ ತೋರುವುದು: ಮಲಗಿದವನು ಕೆಲವು ಸಲ ಆಳವಾಗಿ ಉಸಿರಾಡಿ, ಅನಂತರ ಹಲವು ಕ್ಷಣ ಉಸಿರನ್ನೇ ನಿಲ್ಲಿಸಿ, ಪಕ್ಕದವನನ್ನು ಗಾಬರಿಗೊಳಿಸುತ್ತಾನೆ. ಈ ವ್ಯಾಜ್ಯವನ್ನು ತೀರಿಸುವವು ಮೂತ್ರಪಿಂಡಗಳು. ಅವು ಬೈಕಾರ್ಬೊನೇಟ್ ಎಂಬ ಕ್ಷಾರವನ್ನು ಮೂತ್ರದೊಡನೆ ಹೊರಚೆಲ್ಲಿದಂತೆಲ್ಲ ಉಸಿರಿನ ಕಡಿವಾಣ ಸಡಿಲುತ್ತದೆ. ಆದರೆ ಅವು ನಿಧಾನಸ್ಥ ಕೆಲಸಗಾರರು. ಅವಕ್ಕೆ ದಿನಗಳೇ ಬೇಕು. ಅಸೆಟಜೋಲಮೈಡ್ ಎಂಬ ಔಷಧವು ಈ ಕೆಲಸವನ್ನೇ ಚುರುಕುಗೊಳಿಸುತ್ತದೆ. ವೈದ್ಯರನ್ನು ಕೇಳದೆ ಅದನ್ನು ಸೇವಿಸಬಾರದು.

ಈ ಅವಧಿಯನ್ನು ಕೊಡದೆ ಮೇಲೇರಿದವನಿಗೆ ತಲೆನೋವು, ಓಕರಿಕೆ, ಬಳಲಿಕೆಗಳು ಬರುತ್ತವೆ. ಉಪೇಕ್ಷಿಸಿ ಮತ್ತೂ ಏರಿದರೆ ಶ್ವಾಸಕೋಶಗಳಲ್ಲಿ ನೀರು ತುಂಬಬಹುದು. ಮೆದುಳು ಊದಿಕೊಂಡು ನಡಿಗೆ ತತ್ತರಿಸಬಹುದು. ಮೈಕಟ್ಟು ಇಲ್ಲಿ ರಕ್ಷೆಯಲ್ಲ. ಹಿಮಾಲಯದ ಎತ್ತರಗಳಿಗೆ ಬೇಗನೆ ಸಾಗಿಸಲ್ಪಟ್ಟು ಕಾಯಿಲೆಬಿದ್ದ 1,925 ಭಾರತೀಯ ಸೈನಿಕರ ವಿವರವನ್ನು ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. ಅವರೆಲ್ಲರೂ ಕಸರತ್ತಿನಲ್ಲಿ ಪಳಗಿದವರೇ. ಖುಂಬುವಿನ ಫೆರಿಚೆಯಲ್ಲಿ 278 ಚಾರಣಿಗರನ್ನು ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದ ವರದಿಯಂತೆ ನೂರಕ್ಕೆ 53 ಮಂದಿಗೆ ಈ ವ್ಯಾಧಿಯ ಲಕ್ಷಣಗಳಿದ್ದವು. ಲುಕ್ಲಾಕ್ಕೆ ವಿಮಾನದಲ್ಲಿ ಬಂದಿಳಿದವರಲ್ಲಿ ಅದು ಹೆಚ್ಚು, ಕೆಳಗಿನಿಂದ ನಡೆದು ಬಂದವರಲ್ಲಿ ಕಡಿಮೆ. ನಮ್ಮ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 2,000 ಮೀಟರನ್ನೂ ಮುಟ್ಟದು. ಅಲ್ಲಿಯ ಅಭ್ಯಾಸ ಕಾಲಿಗೆ ಉಪಯುಕ್ತ, ರಕ್ತಕ್ಕೆ ಅಲ್ಲ.

ಆದುದರಿಂದ 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದೇ ಎಡೆಯಲ್ಲಿ ಎರಡು ರಾತ್ರಿ ತಂಗಬೇಕು. ಲುಕ್ಲಾದಿಂದ ಹೊರಟು ಮೊದಲ ರಾತ್ರಿ ಫಾಕ್ಡಿಂಗ್, ಮರುದಿನ 3,440 ಮೀಟರಿನ ನಾಮ್ಚೆ. ಈ ಏರು ನಿಯಮವನ್ನು ಮೀರುವುದರಿಂದ ಅಲ್ಲಿ ಎರಡು ರಾತ್ರಿ. ನಡುವಣ ಹಗಲು ಮಲಗಿರಬೇಕಾಗಿಲ್ಲ; ಮೇಲಿನ ಗುಡ್ಡ ಹತ್ತಿ ಖುಮ್ಜುಂಗಿನತ್ತ ಹೋಗಿ ರಾತ್ರಿಗೆ ಇಳಿದು ಬರುವುದು ಲೇಸು. ಮುಂದೆ 3,860 ಮೀಟರಿನ ತೆಂಗ್ಬೋಚೆ, 4,410ರ ದಿಂಗ್ಬೋಚೆಯಲ್ಲಿ ಮತ್ತೆ ಎರಡು ರಾತ್ರಿ, 4,940ರ ಲೊಬುಚೆ. ಎಂಟನೆಯ ದಿನ ಗೋರಖ್‌ಶೆಪ್ ಸೇರಿ, ತಳಶಿಬಿರವನ್ನು ನೋಡಿ ಹಿಂದಿರುಗಿ ಅಲ್ಲಿಯೇ ಮಲಗುವುದು. ಇಳಿಯಲು ಮೂರು ದಿನ ಸಾಕು. ತಲೆನೋವಿದ್ದರೆ ಮುಂದಿನ ಎತ್ತರಕ್ಕೆ ಹೋಗದಿರುವುದು, ಉಲ್ಬಣಿಸಿದರೆ ರಾತ್ರಿಯಾದರೂ ಇಳಿಸುವುದು, ಇಳಿಯುವವನ ಜೊತೆಗೆ ಯಾರು ಹೋಗತಕ್ಕದ್ದು ಎಂಬುದು ಇವೆಲ್ಲ ಮನೆ ಬಿಡುವ ಮುನ್ನವೇ ತೀರ್ಮಾನವಾಗಿರಬೇಕು. ಆಮ್ಲಜನಕ ಕಡಿಮೆಯಾದ ಮೆದುಳು ಒಳ್ಳೆಯ ನ್ಯಾಯಾಧೀಶನಲ್ಲ.

ಇನ್ನೊಂದು ಮಾತು. ಲುಕ್ಲಾದ ವಿಮಾನಗಳು ಮೋಡ ಕವಿದರೆ ಹಾರುವುದಿಲ್ಲ. ಹೋಗುವಾಗಲೇ ಎರಡು ದಿನ ಹೀಗೆ ಕಳೆದುಹೋದರೆ, ಕಟ್ಟುನಿಟ್ಟಾದ ರಜೆಯವನು ಅವನ್ನು ನಾಮ್ಚೆಯ, ದಿಂಗ್ಬೋಚೆಯ ವಿಶ್ರಾಂತಿಯಿಂದ ಕಡಿಯುತ್ತಾನೆ. ಎರಡು ಮೂರು ದಿನಗಳನ್ನು ಬೇರೆಯಾಗಿ ತೆಗೆದಿರಿಸಬೇಕು. ಅಷ್ಟು ರಜೆ ದೊರೆಯದಿದ್ದರೆ ತೆಂಗ್ಬೋಚೆಯವರೆಗೆ ಹೋಗಿ ಹಿಂದಿರುಗಿದರಾಯಿತು. ಅಲ್ಲಿಂದಲೂ ಎವರೆಸ್ಟ್ ಕಾಣುತ್ತದೆ.