ಮೀನುದೋಣಿಯ ಕಣ್ಣು ಮತ್ತು ಕಿವಿ

ಕಡಲಿನ ಆಳವನ್ನು ಅರಿಯಲು ನಾವಿಕರು ಬಹುಕಾಲ ನಂಬಿದ್ದ ಸಾಧನವೆಂದರೆ ಸೀಸದ ಗುಂಡು ಕಟ್ಟಿದ ಒಂದು ಹಗ್ಗ. ಗುಂಡಿನ ತಳದ ಕುಳಿಯಲ್ಲಿ ಮೆತ್ತಿದ ಕೊಬ್ಬಿಗೆ ಮರಳೋ ಕೆಸರೋ ಚಿಪ್ಪಿನ ಚೂರೋ ಅಂಟಿಕೊಂಡು ಮೇಲೆ ಬರುತ್ತಿತ್ತು. ಆಳದೊಡನೆ ತಳದ ಸ್ವರೂಪವೂ ಹೀಗೆ ತಿಳಿಯುತ್ತಿತ್ತು. ದೋಣಿಯಿರುವ ಸ್ಥಳವನ್ನು ತಿಳಿಯಲು ದಿಕ್ಸೂಚಿ, ನಕ್ಷತ್ರ ಮತ್ತು ತೀರದ ಗುಡ್ಡಗಳೇ ಆಧಾರವಾಗಿದ್ದುವು. ಇಂದು ಮಲ್ಪೆ, ಮಂಗಳೂರುಗಳಿಂದ ಹೊರಡುವ ಯಂತ್ರದೋಣಿಯೊಂದರಲ್ಲಿ ಈ ಎರಡು ಕಾರ್ಯಗಳನ್ನೂ ಒಂದೇ ಪೆಟ್ಟಿಗೆ ನಿರ್ವಹಿಸಬಲ್ಲುದು. ಅದರ ತೆರೆಯ ಒಂದು ಪಾಲಿನಲ್ಲಿ ಕಡಲಿನ ನಕ್ಷೆ, ಇನ್ನೊಂದರಲ್ಲಿ ನೀರಿನಡಿಯ ಚಿತ್ರ. ಕೊಳ್ಳುವವರ ದೃಷ್ಟಿ ಸಹಜವಾಗಿಯೇ ತೆರೆಯ ಅಗಲದ ಮೇಲೆ ಬೀಳುತ್ತದೆ. ಆದರೆ ಮೊದಲು ಪರೀಕ್ಷಿಸಬೇಕಾದುದು ಅಂಗಡಿಯಲ್ಲಿ ಯಾರೂ ಗಮನಿಸದ, ದೋಣಿಯ ಅಡಿಯಲ್ಲಿ ನೀರೊಳಗೆ ಮುಳುಗಿರುವ ಭಾಗವನ್ನು ಎಂಬುದು ನಮ್ಮ ಅಭಿಪ್ರಾಯ.

ಈ ಭಾಗದ ಹೆಸರು ಟ್ರಾನ್ಸ್‌ಡ್ಯೂಸರ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಲ್ ಲಾಂಜೆವಿನ್ ಸ್ಫಟಿಕದ ಹಲ್ಲೆಗಳನ್ನು ವಿದ್ಯುತ್ತಿನಿಂದ ಕಂಪಿಸಿ ನೀರಿನಲ್ಲಿ ಶ್ರವಣಾತೀತ ಧ್ವನಿಯನ್ನು ಹುಟ್ಟಿಸಿದನು. ಇಂದು ಸ್ಫಟಿಕದ ಬದಲು ಪಿಂಗಾಣಿಯಂಥ ವಸ್ತುವಿದೆ, ತತ್ತ್ವ ಅದೇ. ಧ್ವನಿ ಕಡಲನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರು ಸಾಗುತ್ತದೆ. ಪ್ರತಿಧ್ವನಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮರಳಿದರೆ, ಹೋಗಿಬಂದ ದೂರ 150 ಮೀಟರು, ಆಳ 75 ಮೀಟರು. ದಾರಿಯಲ್ಲಿ ಮೀನು ಎದುರಾದರೆ ಅದರ ದೇಹದೊಳಗಿನ ಗಾಳಿಚೀಲವೇ ಧ್ವನಿಯ ಬಹುಭಾಗವನ್ನು ಹಿಂದಿರುಗಿಸುತ್ತದೆ. ಆದುದರಿಂದ ಭೂತಾಯಿಯ ಹಿಂಡು ತೆರೆಯ ಮೇಲೆ ದಟ್ಟವಾಗಿ ಮೂಡುವುದು. ಗಾಳಿಚೀಲವಿಲ್ಲದ ಶಾರ್ಕ್, ಬೊಂಡಾಸಗಳು ಮಾತ್ರ ಮಸುಕಾಗಿ ಜಾರಿಕೊಳ್ಳುತ್ತವೆ.

ಈಗ ಆಯ್ಕೆಯ ಮಾತಿಗೆ ಬರೋಣ. ಇಂಥ ಪೆಟ್ಟಿಗೆಗಳಲ್ಲಿ ವಾಡಿಕೆಯಾಗಿರುವ ಆವರ್ತಾಂಕಗಳು ಎರಡು: 50 ಮತ್ತು 200 ಕಿಲೊಹರ್ಟ್ಸ್. ಇವುಗಳ ತರಂಗಾಂತರ ಕ್ರಮವಾಗಿ 30 ಮಿಲಿಮೀಟರು ಮತ್ತು 7.5 ಮಿಲಿಮೀಟರು. ಹೆಚ್ಚಿನ ಆವರ್ತಾಂಕದ ಧ್ವನಿಯನ್ನು ನೀರು ಬೇಗ ಹೀರಿಕೊಳ್ಳುವುದರಿಂದ ಅದು ಬಹಳ ಆಳಕ್ಕೆ ತಲುಪದು. ಕೆಳಗಿನ ಆವರ್ತಾಂಕದ್ದು ತಲುಪೀತು, ಆದರೆ ಅಗಲವಾಗಿ ಚೆದುರಿಕೊಂಡು. ಧ್ವನಿ ಕೆಳಕ್ಕೆ ಹರಡುವುದು ಶಂಕುವಿನ ಆಕಾರದಲ್ಲಷ್ಟೆ. ಶಂಕುವಿನ ಕೋನ 12 ಡಿಗ್ರಿಯಿದ್ದರೆ 50 ಮೀಟರು ಆಳದಲ್ಲಿ ಅದು ಸುಮಾರು 10 ಮೀಟರು ವ್ಯಾಸದ ವೃತ್ತವನ್ನು ಆವರಿಸುತ್ತದೆ. 45 ಡಿಗ್ರಿಯಿದ್ದರೆ ಸುಮಾರು 41 ಮೀಟರು. ಅಗಲವಾದ ವೃತ್ತದಲ್ಲಿ ಹೆಚ್ಚು ಮೀನು ಸಿಕ್ಕಬಹುದಾದರೂ ಅವು ಯಾವ ಪಕ್ಕದಲ್ಲಿವೆಯೆಂದು ಯಂತ್ರಕ್ಕೆ ತಿಳಿಯದು. ಅಲ್ಲದೆ ತಳಕ್ಕೆ ಅಂಟಿಕೊಂಡಿರುವ ಮೀನಿನ ಪ್ರತಿಧ್ವನಿ ತಳದ ಪ್ರತಿಧ್ವನಿಯಲ್ಲೇ ಕರಗಿಹೋಗುತ್ತದೆ. ನೂರು ಮೀಟರಿನೊಳಗಿನ ನೀರಿನಲ್ಲಿ ತಳದ ಮೀನು ಹಿಡಿಯುವವರಿಗೆ 200 ಕಿಲೊಹರ್ಟ್ಸಿನ ಕಿರಿದಾದ ಶಂಕುವೇ ಲೇಸು.

ಇತ್ತೀಚಿನ ಯಂತ್ರಗಳು ಒಂದೇ ಸ್ವರವನ್ನು ನುಡಿಯುವ ಬದಲು, ಬಾವಲಿಯಂತೆ, ಒಂದು ಆವರ್ತಾಂಕದಿಂದ ಇನ್ನೊಂದಕ್ಕೆ ಜಾರುವ ಧ್ವನಿಯನ್ನು ಕಳಿಸುತ್ತವೆ. ಇದಕ್ಕೆ 'ಚರ್ಪ್' ಎಂದು ಹೆಸರು. ಮಿಲಿಸೆಕೆಂಡು ಕಾಲದ ಸಾಮಾನ್ಯ ಧ್ವನಿ ಒಂದರ ಮೇಲೊಂದು ಮುಕ್ಕಾಲು ಮೀಟರು ಅಂತರದೊಳಗಿರುವ ಎರಡು ಮೀನುಗಳನ್ನು ಬೇರ್ಪಡಿಸಲಾರದು. 40 ಕಿಲೊಹರ್ಟ್ಸಿನಷ್ಟು ಜಾರುವ ಚರ್ಪ್ ಆದರೋ ಎರಡು ಸೆಂಟಿಮೀಟರಿನ ಅಂತರವನ್ನೂ ಸಿದ್ಧಾಂತರೀತ್ಯಾ ಗುರುತಿಸಬಲ್ಲುದು. ಹೆಚ್ಚಿನ ಬೆಲೆ ಕೊಡುವುದಿದ್ದರೆ ಇದಕ್ಕೆ ಕೊಡಬಹುದು.

ತೆರೆಯ ಮೇಲೆ ಮೀನು ಕಮಾನಿನಂತೆ ಕಾಣುವುದೇಕೆಂದು ವಿದ್ಯಾರ್ಥಿಗಳು ಯೋಚಿಸಿ ನೋಡಲಿ. ಮೀನು ಶಂಕುವಿನ ಅಂಚಿನಲ್ಲಿದ್ದಾಗ ಅದರ ದೂರ ಹೆಚ್ಚು, ನಡುವಿಗೆ ಬಂದಾಗ ಕಡಿಮೆ, ಮತ್ತೆ ಅಂಚಿಗೆ ಸರಿದಾಗ ಹೆಚ್ಚು. ನಿಂತ ದೋಣಿಯ ಕೆಳಗೆ ನಿಂತ ಮೀನು ಉದ್ದನೆಯ ಗೆರೆಯಾಗಿ ಮೂಡುತ್ತದೆ. ಅದನ್ನು ತಿಮಿಂಗಿಲವೆಂದು ಭ್ರಮಿಸಬೇಕಾಗಿಲ್ಲ.

ನಕ್ಷೆಯ ಪಾಲಿನ ವಿಚಾರ ಇಷ್ಟು ಜಟಿಲವಲ್ಲ. ಸುಮಾರು 20,200 ಕಿಲೊಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳಲ್ಲಿ ನಾಲ್ಕರ ಸಂಕೇತ ದೊರೆತರೆ ದೋಣಿಯ ಸ್ಥಾನ ಕೆಲವೇ ಮೀಟರುಗಳ ಅಂತರದಲ್ಲಿ ತಿಳಿಯುತ್ತದೆ. ಎಚ್ಚರಿಕೆ ಬೇಕಾದುದು ನಕ್ಷೆಯ ಬಗ್ಗೆ. ತೆರೆಯ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಮೂಲದ ಅಳತೆಗಳು ಹೆಚ್ಚಾಗುವುದಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಂಥ ಬಂಡೆಗಳ ಸುತ್ತ ಸಾಗುವಾಗ ಇದನ್ನು ಮರೆಯಲಾಗದು. ಎರಡು ಪಾಲುಗಳೂ ಒಂದೇ ಪೆಟ್ಟಿಗೆಯಲ್ಲಿರುವುದರ ನಿಜವಾದ ಲಾಭ ಬೇರೆಯಿದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹಗಳಿಂದ ಕಡಲಿನ ಉಷ್ಣತೆಯನ್ನೂ ಪತ್ರಹರಿತ್ತನ್ನೂ ಅಳೆದು ಮೀನು ದೊರೆಯಬಹುದಾದ ವಲಯಗಳನ್ನು ಪ್ರಕಟಿಸುತ್ತದೆ. ಅದು ಕೊಡುವ ಅಕ್ಷಾಂಶ ರೇಖಾಂಶಗಳನ್ನು ನಕ್ಷೆಯಲ್ಲಿ ಗುರುತಿಸಿ ಅಲ್ಲಿಗೆ ಹೋಗಿ, ಮೀನಿದೆಯೆ ಎಂದು ಪಕ್ಕದಲ್ಲೇ ನೋಡಬಹುದು. ಬಲೆ ಹರಿದ ಬಂಡೆಯನ್ನೂ ಗುರುತಿಸಿಟ್ಟುಕೊಳ್ಳಬಹುದು. ಆದರೆ ಒಂದು ತಂತಿ ಸುಟ್ಟರೆ ಕಣ್ಣು ಕಿವಿ ಎರಡೂ ಒಟ್ಟಿಗೆ ಹೋಗುವುವು. ದಿಕ್ಸೂಚಿ ಬೇರೆಯಾಗಿ ಇರಲೇಬೇಕು.

ಇಷ್ಟೆಲ್ಲ ಇದ್ದರೂ ಈ ಯಂತ್ರಕ್ಕೆ ಬಾಯಿಲ್ಲ. ದೋಣಿಯಿರುವ ಸ್ಥಳ ಅದರೊಳಗಿನವರಿಗೆ ತಿಳಿಯುತ್ತದೆಯೇ ಹೊರತು ದಡದವರಿಗಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ಮಹಾರಾಷ್ಟ್ರದ ಮಾಲ್ವಣದಾಚೆ ಕಡಲತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆಮಾಡಿದ್ದು 2019ರ ಮೇ ತಿಂಗಳಲ್ಲಿ. ದೋಣಿಯ ಗುರುತು, ಸ್ಥಾನ, ವೇಗಗಳನ್ನು ರೇಡಿಯೊ ಮೂಲಕ ತಾನಾಗಿ ಸಾರುವ ಎ.ಐ.ಎಸ್. ಎಂಬ ಉಪಕರಣವನ್ನು ಅನೇಕ ಪೆಟ್ಟಿಗೆಗಳಿಗೆ ಜೋಡಿಸಬಹುದು. ಇದರಲ್ಲೂ ಎರಡು ಬಗೆಯುಂಟು: ಬೇರೆ ಹಡಗುಗಳನ್ನು ತೋರಿಸುವುದಷ್ಟೇ ಒಂದರ ಕೆಲಸ, ನಮ್ಮ ದೋಣಿಯನ್ನೂ ಅವರಿಗೆ ತೋರಿಸುವುದು ಇನ್ನೊಂದು. ಬೇಕಾದುದು ಎರಡನೆಯದು. ಈ ರೇಡಿಯೊ ತಲುಪದಷ್ಟು ದೂರ ಹೋಗುವವರಿಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವೇ ಬೇಕು.

ಉಳಿದುವು ಸಣ್ಣ ಮಾತುಗಳು. ಟ್ರಾನ್ಸ್‌ಡ್ಯೂಸರನ್ನು ಪ್ರೊಪೆಲ್ಲರಿನ ಗುಳ್ಳೆಗಳಿಂದ ದೂರವಿಡಬೇಕು, ಗಾಳಿಗುಳ್ಳೆ ಧ್ವನಿಯನ್ನು ತಡೆಯುತ್ತದೆ. ಹಣ ಕೊಡುವ ಮುನ್ನ ಪೆಟ್ಟಿಗೆಯನ್ನು ನಡುಹಗಲ ಬಿಸಿಲಿಗೆ ಒಯ್ದು ತೆರೆ ಕಾಣುವುದೇ ಎಂದು ನೋಡಿ, ಬೆರಳನ್ನು ಉಪ್ಪುನೀರಿನಲ್ಲಿ ಅದ್ದಿ ಮುಟ್ಟಬೇಕು. ಒದ್ದೆ ಬೆರಳಿಗೆ ಓಗೊಡದ ತೆರೆಗಿಂತ ಹಳೆಯ ಕಾಲದ ಗುಂಡಿಗಳೇ ವಾಸಿ.