ಉಳಿದ ಬಲದ ಓಟ
ವಿಕಲಚೇತನ ಪುರುಷರ ಅಂತಾರಾಷ್ಟ್ರೀಯ ವೇಗದ ಓಟದಿಂದ ನಾವು ಕಲಿಯಬಹುದಾದ ಆರೋಗ್ಯಪಾಠ

ಮಧುಮೇಹದಿಂದಲೋ ಅಪಘಾತದಿಂದಲೋ ಕಾಲನ್ನು ಕಳೆದುಕೊಂಡ ವ್ಯಕ್ತಿ ಆಸ್ಪತ್ರೆಯಿಂದ ಮನೆಗೆ ಮರಳಿದಾಗ ಮನೆಯವರು ಪ್ರೀತಿಯಿಂದ ಆಡುವ ಮಾತೊಂದಿದೆ: ‘ಇನ್ನು ನೀವು ಏಳುವುದು ಬೇಡ, ಎಲ್ಲವನ್ನೂ ಕೂತಲ್ಲಿಗೇ ತಂದುಕೊಡುತ್ತೇವೆ.’ ಈ ಮಾತಿನಲ್ಲಿ ಕರುಣೆಯಿದೆ, ಆದರೆ ಆರೋಗ್ಯದ ದೃಷ್ಟಿಯಿಂದ ಇದು ಹಾನಿಕರ. ಕೂತಲ್ಲಿಯೇ ಕೂತ ದೇಹದಲ್ಲಿ ಸ್ನಾಯುಗಳು ಸೊರಗುತ್ತವೆ, ಕೀಲುಗಳು ಬಿಗಿಯುತ್ತವೆ, ತೂಕ ಮತ್ತು ರಕ್ತದ ಸಕ್ಕರೆ ಏರುತ್ತವೆ, ಮನಸ್ಸು ಕುಗ್ಗುತ್ತದೆ. ಕಳೆದುಹೋದ ಅಂಗಕ್ಕಿಂತ ಹೆಚ್ಚಿನ ನಷ್ಟವನ್ನು ಅನೇಕ ವೇಳೆ ಈ ನಿಶ್ಚಲತೆಯೇ ತಂದೊಡ್ಡುತ್ತದೆ.

ಉಳಿದ ಅಂಗಗಳಿಂದ ಮನುಷ್ಯದೇಹ ಎಷ್ಟನ್ನು ಸಾಧಿಸಬಲ್ಲದು ಎಂಬುದಕ್ಕೆ ಇಂದು ಜಗತ್ತಿನ ಮುಂದೆ ಸ್ಪಷ್ಟವಾದ ಸಾಕ್ಷ್ಯವಿದೆ. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಪುರುಷರ 100 ಮೀಟರ್ ಓಟವನ್ನೇ ನೋಡೋಣ. ಮೊಣಕಾಲಿನ ಕೆಳಗೆ ಕಾಲಿಲ್ಲದವರ ಅಂತಿಮ ಸ್ಪರ್ಧೆ ಅದು. ಜರ್ಮನಿಯ ಫೆಲಿಕ್ಸ್ ಸ್ಟ್ರೆಂಗ್ ಅವರು 10.76 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. ಮೂರನೆಯ ಸ್ಥಾನಕ್ಕೆ ಮಾತ್ರ ಇಬ್ಬರು ಒಟ್ಟಿಗೆ ಬಂದರು. ಒಬ್ಬರು ಬ್ರಿಟನ್ನಿನ ಜಾನಿ ಪೀಕಾಕ್. ಐದನೆಯ ವಯಸ್ಸಿನಲ್ಲಿ ಮೆನಿಂಜೈಟಿಸ್ ಸೋಂಕಿನಿಂದಾಗಿ ಅವರ ಬಲಗಾಲನ್ನು ಕತ್ತರಿಸಬೇಕಾಗಿತ್ತು. ಇನ್ನೊಬ್ಬರು ಜರ್ಮನಿಯ ಯೊಹಾನ್ನೆಸ್ ಫ್ಲೋರ್ಸ್. ಹುಟ್ಟಿನಿಂದಲೇ ಕಾಲಿನ ಮೂಳೆ ಬೆಳೆಯದೆ ನೋವಿನಲ್ಲಿ ನಡೆಯುತ್ತಿದ್ದ ಅವರು ಹದಿನಾರನೆಯ ವಯಸ್ಸಿನಲ್ಲಿ ತಾವೇ ನಿರ್ಧರಿಸಿ ಎರಡೂ ಕಾಲುಗಳ ಕೆಳಭಾಗವನ್ನು ತೆಗೆಸಿಕೊಂಡವರು. ಒಂದು ಕೃತಕ ಕಾಲಿನವರಿಗೂ ಎರಡು ಕೃತಕ ಕಾಲಿನವರಿಗೂ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆದರೂ ವ್ಯತ್ಯಾಸ ಸಿಗಲಿಲ್ಲ. ಕಂಚಿನ ಪದಕವನ್ನು ಇಬ್ಬರಿಗೂ ನೀಡಲಾಯಿತು.

ಚಿಕಿತ್ಸೆಯಾಗಿ ಹುಟ್ಟಿದ ಕ್ರೀಡೆ

ಈ ಕ್ರೀಡಾಕೂಟದ ಮೂಲ ಇರುವುದು ಒಂದು ಆಸ್ಪತ್ರೆಯಲ್ಲಿ. ನಾಜಿ ಜರ್ಮನಿಯಿಂದ ಪಾರಾಗಿ ಇಂಗ್ಲೆಂಡಿಗೆ ಬಂದ ನರರೋಗ ತಜ್ಞ ಡಾ. ಲುಡ್ವಿಗ್ ಗುಟ್‌ಮನ್ ಅವರು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದರು. ಅಂದು ಇಂತಹ ರೋಗಿಗಳು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಬೇಗನೆ ಸಾಯುತ್ತಾರೆಂಬ ಭಾವನೆ ವೈದ್ಯರಲ್ಲಿಯೇ ಬಲವಾಗಿತ್ತು. ಗುಟ್‌ಮನ್ ಅವರು ರೋಗಿಗಳನ್ನು ಮಗ್ಗುಲು ಬದಲಿಸಿ ಮಲಗಿಸುವ ಕ್ರಮವನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು. ಜೊತೆಗೆ ಆಟವನ್ನು ಚಿಕಿತ್ಸೆಯ ಅಂಗವಾಗಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಆವರಣದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತ 16 ಮಂದಿಯ ಬಿಲ್ಲುವಿದ್ಯೆಯ ಸ್ಪರ್ಧೆ ನಡೆಯಿತು. 1960ರಲ್ಲಿ ರೋಮ್ ನಗರದಲ್ಲಿ ನಡೆದದ್ದು ಮೊದಲ ಪ್ಯಾರಾಲಿಂಪಿಕ್ಸ್ ಎನಿಸಿಕೊಂಡಿತು. ಕಾಲು ಅಥವಾ ಕೈ ಇಲ್ಲದವರಿಗೂ ದೃಷ್ಟಿಹೀನರಿಗೂ ಅಲ್ಲಿ ಪ್ರವೇಶ ದೊರೆತದ್ದು 1976ರ ಟೊರೊಂಟೊ ಕೂಟದಲ್ಲಿ.

ವರ್ಗೀಕರಣದ ತತ್ತ್ವ

ವೇಗದ ಓಟವೆಂದರೆ 100, 200 ಮತ್ತು 400 ಮೀಟರುಗಳ ಓಟ. ಇಲ್ಲಿ ಪ್ರತಿ ಓಟಗಾರನ ಹೆಸರಿನೊಡನೆ ‘ಟಿ’ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ. ‘ಟಿ’ ಎಂದರೆ ಓಟದ ಪಥ. ಸಂಖ್ಯೆ ನ್ಯೂನತೆಯ ಬಗೆಯನ್ನೂ ಪ್ರಮಾಣವನ್ನೂ ಸೂಚಿಸುತ್ತದೆ. 11ರಿಂದ 13 ದೃಷ್ಟಿದೋಷ. 20 ಬೌದ್ಧಿಕ ನ್ಯೂನತೆ. 35ರಿಂದ 38 ಮಿದುಳಿನ ಪಾರ್ಶ್ವವಾಯು ಮುಂತಾದವುಗಳಿಂದ ಸ್ನಾಯುಗಳ ಹೊಂದಾಣಿಕೆ ಕೆಟ್ಟರೂ ನಿಂತು ಓಡಬಲ್ಲವರು. 45ರಿಂದ 47 ಕೈಗಳ ನ್ಯೂನತೆ. 51ರಿಂದ 54 ಗಾಲಿಕುರ್ಚಿಯ ಓಟಗಾರರು. 61ರಿಂದ 64 ಕೃತಕ ಕಾಲಿನಿಂದ ಓಡುವವರು.

ವರ್ಗವನ್ನು ನಿರ್ಣಯಿಸುವಾಗ ‘ಈತನಿಗೆ ಯಾವ ಕಾಯಿಲೆ?’ ಎಂಬ ಪ್ರಶ್ನೆಯಷ್ಟೇ ಸಾಲದು. ‘ಈ ನ್ಯೂನತೆ ಓಟಕ್ಕೆ ಎಷ್ಟು ಅಡ್ಡಿಯಾಗುತ್ತದೆ?’ ಎಂಬುದೇ ಮುಖ್ಯ ಪ್ರಶ್ನೆ. ಪರೀಕ್ಷಕರು ಸ್ನಾಯುಬಲ, ಕೀಲುಗಳ ಚಲನೆ, ಸಮತೋಲನ ಮೊದಲಾದವುಗಳನ್ನು ಅಳೆದು, ಅಗತ್ಯವಿದ್ದರೆ ಓಟದ ವೇಳೆಯಲ್ಲಿಯೂ ಗಮನಿಸಿ ತೀರ್ಮಾನಿಸುತ್ತಾರೆ. ಬ್ರೆಜಿಲ್‌ನ ಪೆಟ್ರೂಸಿಯೊ ಫೆರೇರಾ ಅವರು ಎಳೆಯ ವಯಸ್ಸಿನಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಎಡಗೈಯ ಭಾಗವನ್ನು ಕಳೆದುಕೊಂಡರು. 2022ರಲ್ಲಿ ಅವರು ಟಿ47 ವರ್ಗದಲ್ಲಿ 100 ಮೀಟರನ್ನು 10.29 ಸೆಕೆಂಡುಗಳಲ್ಲಿ ಓಡಿದರು. ಕೈಗೂ ಓಟಕ್ಕೂ ಏನು ಸಂಬಂಧ ಎಂದು ಕೇಳಬಹುದು. ಓಡುವಾಗ ಎಡಗಾಲಿಗೆ ಎದುರಾಗಿ ಬಲಗೈ, ಬಲಗಾಲಿಗೆ ಎದುರಾಗಿ ಎಡಗೈ ಬೀಸುವುದರಿಂದಲೇ ಮುಂಡವು ತಿರುಚಿಕೊಳ್ಳದೆ ನೇರವಾಗಿರುತ್ತದೆ. ಪ್ರಾರಂಭದ ಗೆರೆಯಲ್ಲಿ ಬಾಗಿ ನಿಲ್ಲುವುದಕ್ಕೂ ಎರಡು ಕೈಗಳ ಆಧಾರ ಬೇಕು. ಒಂದು ಕೈ ಇಲ್ಲವಾದಾಗ ಈ ಕೆಲಸವನ್ನು ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಹೊರಬೇಕಾಗುತ್ತದೆ.

ಬ್ಲೇಡ್ ಮಾಡುವುದೇನು, ಮಾಡದಿರುವುದೇನು?

ಓಟಗಾರರ ಕೃತಕ ಕಾಲನ್ನು ಬ್ಲೇಡ್ ಎನ್ನುತ್ತಾರೆ. ಯುವಕನಾಗಿದ್ದಾಗ ಅಪಘಾತದಲ್ಲಿ ಕಾಲು ಕಳೆದುಕೊಂಡ ಅಮೆರಿಕದ ವ್ಯಾನ್ ಫಿಲಿಪ್ಸ್ ಅವರು 1980ರ ದಶಕದಲ್ಲಿ ಕಾರ್ಬನ್ ಫೈಬರಿನ ಪಾದವನ್ನು ರೂಪಿಸಿದರು. ಚಿರತೆಯ ಹಿಂಗಾಲಿನ ಬಾಗುವಿಕೆ ಅವರಿಗೆ ಮಾದರಿಯಾಯಿತು. ಇಂದಿನ ಬ್ಲೇಡುಗಳು ಅದೇ ಪರಂಪರೆಗೆ ಸೇರಿದವು.

ಬ್ಲೇಡ್ ಒಂದು ಸ್ಪ್ರಿಂಗ್ ಇದ್ದಂತೆ. ದೇಹದ ಭಾರ ಬಿದ್ದಾಗ ಬಾಗಿ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಭಾರ ಸರಿದಾಗ ಅದರ ಬಹುಭಾಗವನ್ನು ಹಿಂದಿರುಗಿಸುತ್ತದೆ. ಆದರೆ ತಾನಾಗಿ ಶಕ್ತಿಯನ್ನು ಉತ್ಪಾದಿಸಲಾರದು. ಸಹಜವಾದ ಕಾಲಿನಲ್ಲಿ ಹಿಮ್ಮಡಿಯ ದಪ್ಪ ಸ್ನಾಯುರಜ್ಜು ಸ್ಪ್ರಿಂಗಿನ ಕೆಲಸ ಮಾಡಿದರೆ, ಮೀನಖಂಡದ ಸ್ನಾಯುಗಳು ಪ್ರತಿ ಹೆಜ್ಜೆಗೂ ಹೊಸ ಬಲವನ್ನು ಸೇರಿಸುತ್ತವೆ. ಮೀನಖಂಡವೇ ಇಲ್ಲದ ಓಟಗಾರ ಆ ಬಲವನ್ನು ತೊಡೆ ಮತ್ತು ಪೃಷ್ಠದ ಸ್ನಾಯುಗಳಿಂದ ತರಬೇಕು. ಆದುದರಿಂದಲೇ ಬ್ಲೇಡ್ ಓಟಗಾರರು ಮೊದಲ ಕೆಲವು ಹೆಜ್ಜೆಗಳಲ್ಲಿ ಹಿಂದುಳಿದು, ವೇಗ ಕೂಡಿದ ಮೇಲೆ ಮುನ್ನುಗ್ಗುವುದು ಕಾಣುತ್ತದೆ.

ಈ ಸ್ಪ್ರಿಂಗ್ ಅನ್ಯಾಯದ ಲಾಭವೇ ಎಂಬ ವಿವಾದ ದೊಡ್ಡದಾಗಿ ಬೆಳೆಯಿತು. ಎರಡೂ ಕೃತಕ ಕಾಲುಗಳಿಂದ ಓಡುತ್ತಿದ್ದ ದಕ್ಷಿಣ ಆಫ್ರಿಕಾದ ಆಸ್ಕರ್ ಪಿಸ್ಟೋರಿಯಸ್ ಅವರನ್ನು ಸಾಮಾನ್ಯ ಓಟಗಾರರೊಡನೆ ಸ್ಪರ್ಧಿಸದಂತೆ ಅಂತಾರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆ ತಡೆಯಿತು. ಒಟ್ಟಾರೆ ಲಾಭವಾಗುತ್ತದೆಂದು ಸಿದ್ಧವಾಗಿಲ್ಲವೆಂದು ಕ್ರೀಡಾ ವ್ಯಾಜ್ಯಗಳ ಅಂತಾರಾಷ್ಟ್ರೀಯ ನ್ಯಾಯಮಂಡಳಿ 2008ರ ಮೇ ತಿಂಗಳಲ್ಲಿ ಆ ನಿಷೇಧವನ್ನು ರದ್ದುಪಡಿಸಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರು 400 ಮೀಟರ್ ಓಟದ ಸೆಮಿಫೈನಲ್ ತಲುಪಿದರು. ಮುಂದೆ ಕೊಲೆಯ ಅಪರಾಧಕ್ಕೆ ಅವರು ಶಿಕ್ಷೆಗೊಳಗಾದದ್ದು ಬೇರೆಯೇ ದುರಂತ. ಅದೇ 2012ರ ಪ್ಯಾರಾಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಬ್ರೆಜಿಲ್‌ನ ಅಲನ್ ಒಲಿವೇರಾ ಅವರಿಂದ ಸೋತಾಗ, ಎದುರಾಳಿಯ ಬ್ಲೇಡ್ ತೀರ ಉದ್ದವಾಗಿದೆಯೆಂದು ಆಕ್ಷೇಪಿಸಿದವರೂ ಅವರೇ. ಎರಡೂ ಕಾಲಿಲ್ಲದವನ ಸಹಜ ಎತ್ತರ ಎಷ್ಟಿರಬೇಕಿತ್ತೆಂದು ಹೇಳುವುದು ಹೇಗೆ? ದೇಹದ ಇತರ ಭಾಗಗಳ ಅಳತೆಯಿಂದ ಲೆಕ್ಕ ಹಾಕಿ ಗರಿಷ್ಠ ಎತ್ತರವನ್ನು ನಿಗದಿಪಡಿಸಲಾಗುತ್ತದೆ. ಈ ಸೂತ್ರವನ್ನು 2018ರಲ್ಲಿ ಇನ್ನಷ್ಟು ಬಿಗಿಗೊಳಿಸಲಾಯಿತು.

ಒಂದು ಮಾತನ್ನು ಗಮನಿಸಬೇಕು. ಬ್ಲೇಡ್ ಓಟಕ್ಕಷ್ಟೇ ಯೋಗ್ಯ. ಹಿಮ್ಮಡಿಯಿಲ್ಲದ ಅದರ ಮೇಲೆ ಸ್ಥಿರವಾಗಿ ನಿಲ್ಲುವುದೂ ಕಷ್ಟ. ನಿತ್ಯದ ಬಾಳಿಗೆ ಬೇರೆ ಕೃತಕ ಕಾಲು ಬೇಕು. ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಠಿ ಅವರು 1968ರ ಸುಮಾರಿಗೆ ರೂಪಿಸಿದ ಜೈಪುರ ಪಾದ, ನೆಲದ ಮೇಲೆ ಕುಳಿತುಕೊಳ್ಳುವ, ಬರಿಗಾಲಿನಲ್ಲಿ ನಡೆಯುವ, ಹೊಲದ ಕೆಸರಿನಲ್ಲಿ ಇಳಿಯುವ ನಮ್ಮ ಜನರ ಅಗತ್ಯವನ್ನು ಅರಿತು ಮಾಡಿದ್ದು.

ಕಾಣದವನ ಓಟ, ಕಾಣುವವನ ಜೊತೆ

ಟಿ11 ವರ್ಗದ ಓಟಗಾರರಿಗೆ ದೃಷ್ಟಿ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲರಿಗೂ ಸಮಾನವಾಗಲೆಂದು ಕಣ್ಣಿಗೆ ಪಟ್ಟಿಯನ್ನೂ ಕಟ್ಟಲಾಗುತ್ತದೆ. ಜೊತೆಗಾರ ಓಟಗಾರನೊಬ್ಬ ಪಕ್ಕದಲ್ಲಿಯೇ ಓಡುತ್ತಾನೆ. ಇಬ್ಬರ ಕೈಗಳನ್ನೂ ಒಂದು ಗಿಡ್ಡ ಹಗ್ಗ ಜೋಡಿಸಿರುತ್ತದೆ. ಇಬ್ಬರಿಗೆ ಎರಡು ಪಥಗಳು. ಜೊತೆಗಾರನು ಓಟಗಾರನನ್ನು ಎಳೆಯುವಂತಿಲ್ಲ, ಅವನಿಗಿಂತ ಮೊದಲು ಗುರಿ ದಾಟುವಂತಿಲ್ಲ. ಕವಾಸಾಕಿ ಕಾಯಿಲೆಯಿಂದ ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಅಮೆರಿಕದ ಡೇವಿಡ್ ಬ್ರೌನ್ ಅವರು 2014ರಲ್ಲಿ ಜೊತೆಗಾರ ಜೆರೋಮ್ ಏವರಿ ಅವರೊಡನೆ 100 ಮೀಟರನ್ನು 10.92 ಸೆಕೆಂಡುಗಳಲ್ಲಿ ಓಡಿದರು. ಪೂರ್ಣ ಅಂಧರೊಬ್ಬರು 11 ಸೆಕೆಂಡುಗಳೊಳಗೆ ಓಡಿದ್ದು ಅದೇ ಮೊದಲು. ಇಲ್ಲಿ ನೆರವಿನ ಮಿತಿ ಎಷ್ಟು ಸ್ಪಷ್ಟವಾಗಿದೆ ನೋಡಿ: ಜೊತೆಗಿರಬೇಕು, ದಾರಿ ತೋರಬೇಕು; ಅವನ ಓಟವನ್ನು ತಾನು ಓಡಬಾರದು.

ಗಾಲಿಕುರ್ಚಿಯೂ ಒಂದು ಎಚ್ಚರಿಕೆಯೂ

ಗಾಲಿಕುರ್ಚಿಯ ಓಟದಲ್ಲಿ ಭುಜವೇ ಯಂತ್ರ. ಮೂರು ಗಾಲಿಗಳ ಹಗುರ ಕುರ್ಚಿಯನ್ನು ಕೈಗವಸಿನಿಂದ ಬಡಿದು ನೂಕಬೇಕು. ಫಿನ್ಲೆಂಡಿನ ಲಿಯೊ-ಪೆಕ್ಕಾ ಟಾಹ್ಟಿ ಅವರು 2004ರಿಂದ ಟೋಕಿಯೊವರೆಗೆ ಸತತ ಐದು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಟಿ54 ವರ್ಗದ 100 ಮೀಟರ್ ಚಿನ್ನವನ್ನು ಗೆದ್ದರು.

ಬೆನ್ನುಹುರಿಗೆ ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಲ್ಲಿ ರಕ್ತದೊತ್ತಡ ಮತ್ತು ಹೃದಯಬಡಿತದ ಸಹಜ ನಿಯಂತ್ರಣ ತಪ್ಪಿರುತ್ತದೆ; ಶ್ರಮ ಪಟ್ಟರೂ ಹೃದಯಬಡಿತ ಸಾಕಷ್ಟು ಏರುವುದಿಲ್ಲ. ಮೂತ್ರಕೋಶವನ್ನು ತುಂಬಿಸಿಟ್ಟುಕೊಂಡೋ, ಸ್ಪರ್ಶವಿಲ್ಲದ ಕಾಲಿಗೆ ನೋವು ಮಾಡಿಕೊಂಡೋ ರಕ್ತದೊತ್ತಡವನ್ನು ಏರಿಸಿಕೊಳ್ಳುವ ಅಡ್ಡದಾರಿಯನ್ನು ಕೆಲವರು ಹಿಡಿದದ್ದುಂಟು. ಇದು ಮಿದುಳಿನ ರಕ್ತಸ್ರಾವಕ್ಕೆ ಕಾರಣವಾಗಬಹುದಾದ್ದರಿಂದ ಕಟ್ಟುನಿಟ್ಟಾಗಿ ನಿಷಿದ್ಧ. ಇದೇ ಅಪಾಯ ಮನೆಯಲ್ಲಿಯೂ ತಾನಾಗಿಯೇ ಬರಬಹುದು. ಇಂತಹ ರೋಗಿಗೆ ಹಠಾತ್ತಾಗಿ ತೀವ್ರ ತಲೆನೋವು, ಮುಖ ಕೆಂಪೇರುವುದು, ಬೆವರುವುದು ಕಂಡರೆ ಕೂಡಲೇ ಎಬ್ಬಿಸಿ ಕುಳ್ಳಿರಿಸಬೇಕು. ಮೂತ್ರದ ನಳಿಕೆ ಮಡಚಿದೆಯೇ, ಕಟ್ಟಿಕೊಂಡಿದೆಯೇ ನೋಡಬೇಕು. ಬಿಗಿಯಾದ ಉಡುಪನ್ನು ಸಡಿಲಿಸಬೇಕು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಾಲು ಕಳೆದುಕೊಂಡವರ ಮನೆಯಲ್ಲಿ

ಎಲ್ಲರೂ ಓಟಗಾರರಾಗಬೇಕಿಲ್ಲ. ಆದರೆ ಬಾಗಿಲವರೆಗೆ, ಬೀದಿಯವರೆಗೆ, ಹೊಲದವರೆಗೆ ನಡೆಯುವ ಹಕ್ಕು ಎಲ್ಲರಿಗೂ ಇದೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಿಂಗಳುಗಳಲ್ಲಿ ಈ ಕೆಳಗಿನ ವಿಷಯಗಳನ್ನು ನೆನಪಿಡಬೇಕು.

1. ಉಳಿದ ಕಾಲಿನ ಕೆಳಗೆ ದಿಂಬು ಇಡಬೇಡಿ. ಹಿತವೆನಿಸಿದರೂ ಇದರಿಂದ ಮೊಣಕಾಲು ಮತ್ತು ಸೊಂಟದ ಕೀಲುಗಳು ಮಡಚಿದಂತೆಯೇ ಬಿಗಿದುಕೊಳ್ಳುತ್ತವೆ; ಆಮೇಲೆ ಕೃತಕ ಕಾಲು ಸರಿಯಾಗಿ ಕೂರುವುದಿಲ್ಲ. ವೈದ್ಯರು ಒಪ್ಪಿದರೆ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಹೊತ್ತು ಬೋರಲಾಗಿ ಮಲಗುವುದು ಒಳ್ಳೆಯದು.

2. ಗಾಯ ಮಾಗಿದ ಮೇಲೆ ಕಾಲಿನ ತುದಿಯನ್ನು ಪ್ರತಿ ರಾತ್ರಿ ಸಾಬೂನಿನಿಂದ ತೊಳೆದು ಪೂರ್ಣವಾಗಿ ಒಣಗಿಸಿ, ಕನ್ನಡಿ ಹಿಡಿದು ಪರೀಕ್ಷಿಸಿ. ಕೃತಕ ಕಾಲಿನ ಬಟ್ಟಲಿನೊಳಗೆ ಬೆವರು ನಿಂತು ಚರ್ಮ ಕೆಡುತ್ತದೆ. ಕೆಂಪು ಗುರುತು ಮಾಯವಾಗದೆ ಉಳಿದರೆ ಅದನ್ನು ಧರಿಸುವುದನ್ನು ನಿಲ್ಲಿಸಿ ತಜ್ಞರಿಗೆ ತೋರಿಸಿ. ಕಾಲಿನ ಬಾವು ಇಳಿದಂತೆ ಬಟ್ಟಲನ್ನು ಬದಲಿಸಬೇಕಾಗುವುದು ಸಹಜ.

3. ಇಲ್ಲದ ಕಾಲು ನೋಯುತ್ತದೆ ಎಂದು ರೋಗಿ ಹೇಳಿದರೆ ಭ್ರಮೆಯೆಂದು ತಳ್ಳಿಹಾಕಬೇಡಿ. ಮಿದುಳಿನಲ್ಲಿ ಆ ಕಾಲಿನ ನಕ್ಷೆ ಇನ್ನೂ ಉಳಿದಿರುತ್ತದೆ. ಆ ನೋವು ನಿಜವಾದದ್ದು. ಅದಕ್ಕೆ ಔಷಧಿಯೂ ಕನ್ನಡಿಯ ಮುಂದೆ ಮಾಡಿಸುವ ವ್ಯಾಯಾಮವೂ ಇವೆ.

4. ಮಧುಮೇಹಿಗಳು ಇನ್ನೊಂದು ಕಾಲನ್ನು ಕಣ್ಣಿಗಿಂತ ಹೆಚ್ಚಾಗಿ ಕಾಪಾಡಿಕೊಳ್ಳಬೇಕು. ಬೆರಳುಗಳ ಸಂದಿಯನ್ನೂ ಅಂಗಾಲನ್ನೂ ಪ್ರತಿದಿನ ನೋಡಬೇಕು, ಬರಿಗಾಲಿನಲ್ಲಿ ನಡೆಯಬಾರದು.

5. ಕೃತಕ ಕಾಲಿನ ನಡಿಗೆಗೆ ಸಹಜ ನಡಿಗೆಗಿಂತ ಹೆಚ್ಚು ಶಕ್ತಿ ಬೇಕು. ವಯಸ್ಸಾದವರು ಹೃದಯದ ತಪಾಸಣೆ ಮಾಡಿಸಿಕೊಂಡು, ಫಿಸಿಯೊಥೆರಪಿ ತಜ್ಞರ ಮಾರ್ಗದರ್ಶನದಲ್ಲಿ ನಿಧಾನವಾಗಿ ಆರಂಭಿಸಬೇಕು.

ನಮ್ಮ ದೇಶದಲ್ಲಿಯೂ ಈ ದಾರಿ ತೆರೆದಿದೆ. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ನಾರಾಯಣ ಠಾಕೂರ್ ಅವರು ಟಿ35 ವರ್ಗದ ಪುರುಷರ 100 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. 2025ರಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಮೊದಲ ಬಾರಿಗೆ ಭಾರತದಲ್ಲಿ, ದೆಹಲಿಯಲ್ಲಿ ನಡೆಯಿತು. ಓಟಗಾರರಲ್ಲದಿದ್ದರೂ ನಮ್ಮ ಹಾಸನ ಜಿಲ್ಲೆಯ ಗಿರೀಶ್ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದದ್ದು ನಾಡಿಗೆ ಗೊತ್ತಿರುವ ಸಂಗತಿ.

ಪದಕಗಳ ಮಾತು ಹಾಗಿರಲಿ. ಈ ಕ್ರೀಡೆಯ ಪರೀಕ್ಷಕರು ಕೇಳುವ ಪ್ರಶ್ನೆಯೊಂದನ್ನು ನಾವು ಮನೆಗೆ ತರಬಹುದು. ಕಾಲು ಕಳೆದುಕೊಂಡ ತಂದೆಯ ಮುಂದೆ, ಪಾರ್ಶ್ವವಾಯು ಬಡಿದ ಮಗನ ಮುಂದೆ, ‘ಹೋದದ್ದೇನು?’ ಎಂದು ಮರುಗುವ ಬದಲು ‘ಉಳಿದಿರುವುದೇನು, ಅದರಿಂದ ಏನು ಮಾಡಬಹುದು?’ ಎಂದು ಕೇಳೋಣ. ಮರುದಿನ ಬೆಳಿಗ್ಗೆ ಕಾಫಿಯ ಲೋಟವನ್ನು ಹಾಸಿಗೆಗೆ ಒಯ್ಯುವ ಮೊದಲು, ಅವರು ಎದ್ದು ಬರಲು ಕೈ ಆಸರೆ ಕೊಡೋಣ. ಚಿಕಿತ್ಸೆ ಅಲ್ಲಿಂದ ಆರಂಭವಾಗುತ್ತದೆ.