ಕೆರೆಯ ತಳದಲ್ಲಿ ರಂಜಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಮನೆಗಳಲ್ಲಿ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಪೊರೆಯೊಂದು ಕಟ್ಟಿಕೊಳ್ಳುವುದನ್ನು ಗೃಹಿಣಿಯರೆಲ್ಲ ಬಲ್ಲರು. ಎಷ್ಟು ತಿಕ್ಕಿದರೂ ಹೋಗದ ಆ ಪೊರೆ ಹುಣಿಸೆಯ ಹುಳಿಗೆ ಮಾತ್ರ ಸಡಿಲುತ್ತದೆ. ಈ ನೆಲದಡಿಯೆಲ್ಲ ಸುಣ್ಣಕಲ್ಲಿನ ಹಾಸು. ನಾಡಿನ ಅಂಗಳಗಳಿಗೆ ಶಹಾಬಾದದ ಪರಸಿಯನ್ನೂ ಊರುಗಳ ಕಟ್ಟಡಗಳಿಗೆ ವಾಡಿಯ ಸಿಮೆಂಟನ್ನೂ ಒದಗಿಸಿದ್ದು ಈ ಕಲ್ಲೇ. ನೀರಿನಲ್ಲಿ ಕರಗಿ ಬಂದ ಅದೇ ಸುಣ್ಣ ನಮ್ಮ ಕೆರೆಗಳ ತಳದಲ್ಲಿ ಇನ್ನೊಂದು ಕಾರ್ಯವನ್ನೂ ಸದ್ದಿಲ್ಲದೆ ನಡೆಸುತ್ತಿರುತ್ತದೆ.

ಕನ್ನಡದ ಮೇಷ್ಟ್ರಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೆರೆಯ ನೀರು ಹಸಿರುಗಟ್ಟಿ ನಾರತೊಡಗಿದಾಗ ಮೂಗು ಮುಚ್ಚಿಕೊಳ್ಳುವವರಲ್ಲಿ ಸಾಹಿತ್ಯದವರು, ವಿಜ್ಞಾನದವರು ಎಂಬ ಭೇದವಿಲ್ಲವಷ್ಟೆ! ಆ ಹಸಿರಿನ ಮೂಲವನ್ನು ಹುಡುಕುತ್ತ ಹೋದರೆ ಬಹುಮಟ್ಟಿಗೆ ಎದುರಾಗುವ ವಸ್ತು ರಂಜಕ, ಎಂದರೆ ಫಾಸ್ಫರಸ್.

1669ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ ಎಂಬಾತ ಚಿನ್ನದ ಆಸೆಯಿಂದ ಮೂತ್ರವನ್ನು ಕಾಯಿಸಿ ಬತ್ತಿಸಿದಾಗ ಕತ್ತಲೆಯಲ್ಲಿ ಹೊಳೆಯುವ ಈ ವಸ್ತು ಮೊದಲು ಮನುಷ್ಯನ ಕಣ್ಣಿಗೆ ಬಿತ್ತು. ಎಲುಬು, ಹಲ್ಲು, ಬೀಜ, ಜೀವಕೋಶ ಯಾವುದಕ್ಕೂ ರಂಜಕವಿಲ್ಲದೆ ನಡೆಯದು. ಬಚ್ಚಲಿನ ನೀರು, ಮಲಮೂತ್ರ, ಬಟ್ಟೆಯ ಪುಡಿ, ಹೊಲದ ಗೊಬ್ಬರ, ಕೊಚ್ಚಿಹೋದ ಮಣ್ಣು ಇವೆಲ್ಲವುಗಳ ಜೊತೆಯಲ್ಲಿ ಅದು ಕೆರೆಗೆ ಸೇರುತ್ತದೆ. 1973ರಲ್ಲಿ ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂದು ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿದರು. ಎರಡು ಕಡೆಗೂ ಇಂಗಾಲ, ಸಾರಜನಕಗಳನ್ನು ಬೆರೆಸಿ, ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗವಷ್ಟೇ ಪಾಚಿಯಿಂದ ಹಸಿರಾಯಿತು. ಇಂಥ ಪಾಚಿಗಳಲ್ಲಿ ಕೆಲವು ವಿಷಕಾರಿ. ಆ ನೀರನ್ನು ಕುಡಿದ ದನಗಳು ಸತ್ತದ್ದೂ ಉಂಟು.

ಕೆರೆಗೆ ಬಂದ ರಂಜಕವೆಲ್ಲ ನೀರಿನಲ್ಲಿಯೇ ಉಳಿಯುವುದಿಲ್ಲ. ಬಹುಪಾಲು ತಳಕ್ಕಿಳಿದು ಕೆಸರನ್ನು ಸೇರುತ್ತದೆ. ಅಲ್ಲಿ ಅದು ಯಾವ ರೂಪದಲ್ಲಿದೆ ಎಂಬುದೇ ಮುಖ್ಯವಾದ ಪ್ರಶ್ನೆ. ಸ್ವಲ್ಪ ಭಾಗ ಮಣ್ಣಿನ ಕಣಗಳಿಗೆ ಸಡಿಲವಾಗಿ ಅಂಟಿಕೊಂಡಿದ್ದು ನೀರು ಕದಡಿದರೆ ಸಾಕು, ಮೇಲೇಳುತ್ತದೆ. ಇನ್ನೊಂದು ಭಾಗ ಕೊಳೆತ ಎಲೆ, ಸತ್ತ ಜೀವಿಗಳ ಅವಶೇಷದಲ್ಲಿದ್ದು ಅವು ಕೊಳೆತಂತೆ ಹೊರಬರುತ್ತದೆ. ಮೂರನೆಯದು ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿಗೆ ಕಟ್ಟುಬಿದ್ದದ್ದು. ನಾಲ್ಕನೆಯದು ಸುಣ್ಣದೊಡನೆ ಕೂಡಿ ಗಟ್ಟಿಯಾದದ್ದು. ಅಪಟೈಟ್ ಎಂಬ ಈ ಖನಿಜ ನಮ್ಮ ಹಲ್ಲಿಗೆ ಗಟ್ಟಿತನ ಕೊಡುವ ಖನಿಜದ ಬಳಗದ್ದೇ. ಹಂಡೆಯ ಪೊರೆಯಂತೆ ಇದನ್ನು ಕರಗಿಸಲು ಆಮ್ಲ ಬೇಕು. ಪ್ರಯೋಗಶಾಲೆಯಲ್ಲಿಯೂ ಕೆಸರಿಗೆ ಬೇರೆಬೇರೆ ದ್ರಾವಣಗಳನ್ನು ಸರದಿಯಾಗಿ ಹಾಕಿ, ಯಾವುದರಲ್ಲಿ ಎಷ್ಟು ರಂಜಕ ಬಿಡುತ್ತದೆಂದು ನೋಡಿಯೇ ಈ ರೂಪಗಳನ್ನು ಅಳೆಯುತ್ತಾರೆ.

ಕಬ್ಬಿಣದ ಸ್ನೇಹವನ್ನು ಪೂರ್ತಿ ನಂಬುವಂತಿಲ್ಲ. ತಳದಲ್ಲಿ ಆಮ್ಲಜನಕ ಇರುವವರೆಗೆ ಅದು ರಂಜಕವನ್ನು ಹಿಡಿದಿಡುತ್ತದೆ. ಆಮ್ಲಜನಕ ತೀರಿದೊಡನೆ ಕಬ್ಬಿಣ ಕರಗಿ ರಂಜಕವನ್ನು ಬಿಟ್ಟುಕೊಡುತ್ತದೆ. 1941–42ರಲ್ಲಿ ಇಂಗ್ಲೆಂಡಿನ ಕ್ಲಿಫರ್ಡ್ ಮಾರ್ಟಿಮರ್ ಇದನ್ನು ವಿಶದವಾಗಿ ತೋರಿಸಿಕೊಟ್ಟರು. ಸುಣ್ಣಕ್ಕೆ ಆಮ್ಲಜನಕದ ಹಂಗಿಲ್ಲ. ಆದುದರಿಂದ ಸೇಡಂ, ಚಿತ್ತಾಪುರಗಳ ಸುಣ್ಣದ ನೆಲ ಕೆರೆಗಳಿಗೊಂದು ಸಹಜವಾದ ಕಾವಲು. ಚಿಂಚೋಳಿಯ ಗುಡ್ಡಗಳ ಕಡೆ ಹೋದರೆ ಮಾತು ಬದಲಾಗುತ್ತದೆ. ಅಲ್ಲಿಯ ಜಂಬಿಟ್ಟಿಗೆಯ ಕೆಂಪು ಕಬ್ಬಿಣದ ಕೆಂಪು. ಅಂಥ ಮಣ್ಣು ಕೊಚ್ಚಿ ಬರುವ ಜಲಾಶಯದಲ್ಲಿ ತಳದ ಉಸಿರು ಕಟ್ಟದಂತೆ ನೋಡಿಕೊಳ್ಳುವುದು ಹೆಚ್ಚು ಅಗತ್ಯ.

ಉಸಿರು ಕಟ್ಟಿದ ಕೆರೆ ಹೇಗಿರುತ್ತದೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ತೋರಿಸಿದೆ. ಅಲ್ಲಿ ನೊರೆ ರಸ್ತೆಗೆ ಹಾರಿತು. 2015, 2017, 2018ರಲ್ಲಿ ಕೆರೆಗೇ ಬೆಂಕಿ ಹತ್ತಿತು. ನೊರೆಗೆ ಮುಖ್ಯ ಕಾರಣ ಮಾರ್ಜಕಗಳು. ನೀರನ್ನು ಮುಚ್ಚಿದ ಅಂತರಗಂಗೆಯಂಥ ಕಳೆಯನ್ನು ಕೊಬ್ಬಿಸಿದ್ದು ಕೊಳಚೆಯಲ್ಲಿ ಬಂದ ರಂಜಕ ಮತ್ತು ಸಾರಜನಕ. ಇಂಥಲ್ಲಿ ಕೊಳಚೆಯನ್ನು ತಡೆದರಷ್ಟೇ ಸಾಲದು. ಸ್ವೀಡನ್ನಿನ ವೆಕ್ಷೋ ಪಟ್ಟಣದ ಟ್ರುಮ್ಮೆನ್ ಸರೋವರಕ್ಕೆ 1950ರ ದಶಕದ ಕೊನೆಯಲ್ಲಿಯೇ ಕೊಳಚೆ ಹರಿಯುವುದು ನಿಂತಿತ್ತು. ಆದರೂ ಹತ್ತು ವರ್ಷ ಕಳೆದರೂ ನೀರು ತಿಳಿಯಾಗಲಿಲ್ಲ. ತಳದ ಕೆಸರು ಹಳೆಯ ರಂಜಕವನ್ನು ಬಿಡುತ್ತಲೇ ಇತ್ತು. 1970 ಮತ್ತು 1971ರಲ್ಲಿ ಮೇಲಿನ ಸುಮಾರು ಒಂದು ಮೀಟರು ಕೆಸರನ್ನು ತೆಗೆಸಿದ ಮೇಲೆಯೇ ಸರೋವರ ಚೇತರಿಸಿಕೊಂಡಿತು.

ನಮ್ಮ ರೈತರಿಗೆ ಇದು ಹೊಸ ವಿದ್ಯೆಯೇನಲ್ಲ. ಬೇಸಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ಬಂಡಿಗಳಲ್ಲಿ ಹೊಲಕ್ಕೆ ಹೊಡೆಯುವುದು ಕನ್ನಡನಾಡಿನ ಹಳೆಯ ಪದ್ಧತಿ. ಒಣಗಿದ ಕೆಸರು ಮತ್ತೆ ನೆನೆದಾಗ ಒಂದಿಷ್ಟು ರಂಜಕ ಒಮ್ಮೆಗೇ ನೀರಿಗೆ ಬಿಡುತ್ತದೆ; ಆದ್ದರಿಂದ ಮೊದಲ ಮಳೆಗೆ ಮುನ್ನವೇ ಹೂಳೆತ್ತುವುದು ಜಾಣತನ. ಗೊಬ್ಬರಕ್ಕೆ ಬೇಕಾದ ರಂಜಕದ ಕಲ್ಲನ್ನು ಬಹುಪಾಲು ಮೊರೊಕ್ಕೊ, ಜೋರ್ಡಾನ್ ಮುಂತಾದ ಹೊರದೇಶಗಳಿಂದ ತರಿಸುವ ನಾವು, ಊರ ಕೆರೆಯಲ್ಲಿರುವುದನ್ನು ಮರೆತು ಕೂಡುವುದು ಸರಿಯಲ್ಲ. ಸುಣ್ಣಕ್ಕೆ ಕಟ್ಟುಬಿದ್ದ ರಂಜಕ ಪೈರಿಗೆ ನಿಧಾನವಾಗಿ ದಕ್ಕುತ್ತದೆ, ನಿಜ. ಆದರೂ ಹೂಳಿನ ಜೊತೆ ಜೇಡಿಯೂ ಕೊಳೆತ ಸತ್ತ್ವವೂ ಹೊಲಕ್ಕೆ ಸೇರುತ್ತವೆ. ಕಾರ್ಖಾನೆಯ ನೀರು ಬೀಳುವ ಕೆರೆಯಾದರೆ ವಿಷಲೋಹಗಳಿವೆಯೇ ಎಂದು ಮಣ್ಣನ್ನು ಮೊದಲು ಪರೀಕ್ಷಿಸಬೇಕು.

ಸುಣ್ಣದ ನೆಲದಲ್ಲಿರುವ ನಾವು ಪುಣ್ಯವಂತರೆಂದು ಮೈಮರೆಯುವಂತಿಲ್ಲ. ಸುಣ್ಣ ಹಿಡಿದಿಡುವುದು ಬಂದದ್ದರಲ್ಲಿ ಒಂದು ಪಾಲನ್ನು ಮಾತ್ರ; ಸಡಿಲವಾದದ್ದೂ ಕೊಳೆಯುವುದೂ ಕಬ್ಬಿಣಕ್ಕೆ ಅಂಟಿದ್ದೂ ಸಮಯ ಕಾಯುತ್ತಿರುತ್ತವೆ. ಕೆರೆಯ ನೀರು ಇಂದು ತಿಳಿಯಾಗಿ ಕಂಡರೂ ನಾವು ಬಚ್ಚಲಿನಿಂದ ಬಿಟ್ಟದ್ದೆಲ್ಲ ತಳದಲ್ಲಿ ಜಮೆಯಾಗಿರುತ್ತದೆ. ಆ ಲೆಕ್ಕ ಬೆಳೆಯುವ ಮೊದಲೇ ಊರಿನ ಚರಂಡಿಯನ್ನು ಕೆರೆಯಿಂದ ಬೇರೆ ದಾರಿಗೆ ತಿರುಗಿಸುವುದು ನಮ್ಮ ಕೈಯಲ್ಲಿದೆ.